‘ವೇಟ್ರೆಸ್’ (2007) ನೋಡಿದವರು ಇದ್ದೀರಾ? ಕೊನೆಯ ಆ ಚೆಕ್ ಬೇಕಿತ್ತಾ?

ಕೊನೆಸೀಟು:
ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ ಅಂತ ಸುಮ್ನೆ ಹಾಕಿಕೊಂಡ ಸಿನಿಮಾ. ಮುಗಿದಾಗ ಎರಡು ಗಂಟೆ. ಬೆಳಿಗ್ಗೆಯಿಂದ ತಲೆಯಲ್ಲಿ ಅದೇ ಓಡುತ್ತಿದೆ. ಇಲ್ಲಿ ಕತೆ ಪೂರ್ತಿ ಹೇಳಿಬಿಡುತ್ತೇನೆ, ನೋಡಬೇಕು ಅಂದುಕೊಂಡವರು ಮುಂದೆ ಓದಬೇಡಿ.

ಅಮೆರಿಕದ ದಕ್ಷಿಣದ ಕಡೆಯ ಒಂದು ಚಿಕ್ಕ ಊರು. ಅಲ್ಲೊಂದು ಪೈ (ಹಿಟ್ಟಿನ ಕವಚದೊಳಗೆ ಹೂರಣ ತುಂಬಿ ಬೇಯಿಸುವ ತಿಂಡಿ) ಮಾರುವ ಹೋಟೆಲು. ಜೆನ್ನಾ, ಬೆಕಿ, ಡಾನ್ ಅಂತ ಮೂವರು ಹೆಂಗಸರು ಅಲ್ಲಿ ಸರ್ವರ್ ಕೆಲಸ ಮಾಡುತ್ತಾರೆ. ಜೆನ್ನಾ ಮಾಡಿದ ಪೈ ತಿಂದವರು ಮಾತೇ ಮರೆಯುತ್ತಾರೆ, ಅಂಥ ಕೈ ಅವಳದು. ಮನೆಯಲ್ಲಿ ಅರ್ಲ್ ಅಂತ ಒಬ್ಬ ಗಂಡ. ಸಂಜೆ ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಹಾರನ್ ಬಡಿಯುತ್ತಾನೆ. ಅವಳು ಬಂದು ಕೂರುತ್ತಿದ್ದ ಹಾಗೇ ಅವತ್ತಿನ ದುಡ್ಡು ಅವನ ಕೈಗೆ ಹೋಗಬೇಕು. ಕೈಯೆತ್ತುತ್ತಾನೆ ಕೂಡ. ಹುಟ್ಟುವ ಮಗುವನ್ನು ನನಗಿಂತ ಜಾಸ್ತಿ ಪ್ರೀತಿಸಬಾರದು ಅಂತ ಹೆಂಡತಿಯಿಂದ ಮಾತು ತೆಗೆದುಕೊಳ್ಳುವ ಮಹಾನುಭಾವ.

ಜೆನ್ನಾ ಅಷ್ಟಿಷ್ಟು ದುಡ್ಡು ಬಚ್ಚಿಡುತ್ತಾಳೆ. ಪಕ್ಕದ ಊರಿನ ಪೈ ಸ್ಪರ್ಧೆಗೆ ಹೋಗಿ 25,000 ಡಾಲರ್ ಗೆದ್ದು ಓಡಿಹೋಗಬೇಕು ಅನ್ನುವುದು ಲೆಕ್ಕ. ಅಷ್ಟರಲ್ಲಿ ಬಸುರಿ. ಆಮೇಲೆ ಡಾಕ್ಟರ ಜೊತೆ ಪ್ರೇಮ, ಅದು ಬೇರೆ ಕತೆ. ಕೊನೆಯಲ್ಲಿ ಹೋಟೆಲಿನ ಮುದುಕ ಮಾಲೀಕ ಜೋ ಅವಳಿಗೊಂದು ಲಕೋಟೆ ಕೊಡುತ್ತಾನೆ. ಒಳಗೆ 2,70,450 ಡಾಲರಿನ ಚೆಕ್! ಆಯಿತಲ್ಲ, ಗಂಡನನ್ನು ಬಿಟ್ಟಳು, ಸ್ವಂತ ಪೈ ಅಂಗಡಿ, ಶುಭಂ.

ಅಷ್ಟು ಹೊತ್ತು ನಿಜದ ಬದುಕು ತೋರಿಸಿ ಕೊನೆಗೆ ಲಾಟರಿ ಹೊಡೆಸಿದರೆ ಹೇಗೆ? ನನಗೆ ಮೋಸ ಅನ್ನಿಸಿತು. ನಿಮಗೆ?

ಗೋಳಿಬಜೆ:
ಮಾರಾಯ್ರೆ, ನೀವು ರಾತ್ರಿ ಎರಡು ಗಂಟೆಗೆ ಕಾಮಿಡಿ ನೋಡಿ ಬೆಳಿಗ್ಗೆ ಲೆಕ್ಕಪರಿಶೋಧನೆ ಮಾಡುತ್ತೀರಲ್ಲ. ಅದು ಕಾಮಿಡಿ. ಕಾಮಿಡಿಯಲ್ಲಿ ಮುದುಕರು ಚೆಕ್ ಬರೆಯುತ್ತಾರೆ.

ಆದರೆ ನನ್ನ ತಕರಾರು ಬೇರೆ. ಅರ್ಲ್ ಕಾರಿನ ಹಾರನ್ ಬಾರಿಸುವಾಗ ಥಿಯೇಟರಿನಲ್ಲಿ ಜನ ನಗುತ್ತಾರೆ ಅಂತ ಓದಿದ ನೆನಪು. ನನಗೆ ಒಂದು ಸಲವೂ ನಗು ಬರಲಿಲ್ಲ. ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ ಆಯಿತು. ಇದನ್ನು ಯಾಕೆ ಕಾಮಿಡಿ ಅನ್ನುತ್ತಾರೆ?

ಒಗ್ಗರಣೆ:
ಪೈಗಳ ಹೆಸರು ಕೇಳಿ ನಗಲಿಲ್ಲವಾ ನೀವು? ಜೆನ್ನಾ ಬಾಯಿ ಬಿಟ್ಟು ಯಾರಿಗೂ ಏನೂ ಹೇಳುವುದಿಲ್ಲ. ಎಲ್ಲ ಕೋಪವನ್ನೂ ಹಿಟ್ಟಿನಲ್ಲಿ ಕಲಸುತ್ತಾಳೆ. ‘ಗಂಡನ್ನ ಕಂಡ್ರೆ ಆಗಲ್ಲ ಪೈ’ ಅಂತ ಒಂದು. ಸಕ್ಕರೆ ಹಾಕದ ಕಹಿ ಚಾಕೊಲೇಟು, ಅದರ ಮೇಲೆ ಮುಳುಗುವಷ್ಟು ಕ್ಯಾರಮೆಲ್. ‘ಅರ್ಲ್‌ನ ಮಗು ನನಗೆ ಬೇಡ ಪೈ’ ಅಂತ ಇನ್ನೊಂದು. ಅದರಲ್ಲಿ ಮೊಟ್ಟೆ, ಚೀಸು, ಹಂದಿಮಾಂಸ. ಡಾಕ್ಟರ ವಿಷಯ ಗಂಡನಿಗೆ ಗೊತ್ತಾದರೆ ಕೊಲ್ಲುತ್ತಾನೆ ಅನ್ನುವ ಭಯಕ್ಕೂ ಒಂದು ಪೈ ಇದೆ. ಜಜ್ಜಿದ ಹಣ್ಣುಗಳ ಕೆಂಪು ರಸ, ಕಪ್ಪು ಚಾಕೊಲೇಟಿನ ತಳ. ನೋಡಿದರೆ ರಕ್ತದ ಹಾಗೇ ಇದೆ.

ನಮ್ಮಜ್ಜಿಗೆ ತಾತನ ಮೇಲೆ ಸಿಟ್ಟು ಬಂದ ದಿನ ಸಾರು ಖಾರ ಆಗುತ್ತಿತ್ತು. ಬಾಯಿಂದ ಒಂದು ಮಾತಿಲ್ಲ. ತಾತ ಮೂಗು ಒರೆಸಿಕೊಂಡು ಉಣ್ಣುತ್ತಿದ್ದರು. ಈ ಸಿನಿಮಾ ನೋಡುವಾಗ ನನಗೆ ಅದೇ ನೆನಪು. ಅಜ್ಜಿ ಸಾರಿಗೆ ಹೆಸರಿಡಲಿಲ್ಲ, ಅಷ್ಟೇ ವ್ಯತ್ಯಾಸ.

ಗೋಳಿಬಜೆ:
ಸರಿ ಅಕ್ಕ, ಹೆಸರಿಗೆ ನಕ್ಕೆ. ಒಪ್ಪಿದೆ.

ರೀಲು ಲೆಕ್ಕ:
ಚೆಕ್ ವಿಷಯಕ್ಕೆ ಬರುವ ಮುಂಚೆ ಈ ಚಿತ್ರ ಹೇಗೆ ಬಂತು ಅಂತ ತಿಳಿದಿರುವುದು ಒಳ್ಳೆಯದು. ಗೊತ್ತಿಲ್ಲದೆ ನೋಡಿದರೆ ಬರೀ ಸಿಹಿ ಸಿನಿಮಾ ಅನ್ನಿಸುತ್ತದೆ.

ಬರೆದು ನಿರ್ದೇಶಿಸಿದವರು ಏಡ್ರಿಯೆನ್ ಶೆಲ್ಲಿ. ಕನ್ನಡಕ ಹಾಕಿಕೊಂಡು ಡಾನ್ ಪಾತ್ರ ಮಾಡಿರುವುದೂ ಅವರೇ. 1989ರ ಸುಮಾರಿಗೆ ನಿರ್ದೇಶಕ ಹಾಲ್ ಹಾರ್ಟ್‌ಲಿಯ ಚಿತ್ರಗಳಲ್ಲಿ ನಾಯಕಿಯಾಗಿ ಬಂದವರು. ದೊಡ್ಡ ಸ್ಟುಡಿಯೋಗಳ ಹೊರಗೆ, ಸಣ್ಣ ದುಡ್ಡಿನಲ್ಲಿ ಆಗುವ ಸಿನಿಮಾಗಳ ಲೋಕವೇ ಅವರ ಮನೆ. ಈ ಕತೆಯನ್ನು ತಾವು ಬಸುರಿಯಾಗಿದ್ದಾಗ ಬರೆದರು. ತಾಯಿಯಾಗುವ ಭಯ, ನನ್ನ ಬದುಕು ಇಲ್ಲಿಗೆ ಮುಗಿಯಿತಾ ಅನ್ನುವ ಗಾಬರಿ, ಅದೆಲ್ಲ ಜೆನ್ನಾಳ ಬಾಯಲ್ಲಿ ಬಂದಿದೆ. ಹುಟ್ಟದ ಮಗುವಿಗೆ ಅವಳು ಬರೆಯುವ ಪತ್ರಗಳಿವೆಯಲ್ಲ, ಅದರಲ್ಲಿ ಮುದ್ದಿಗಿಂತ ಬೈಗುಳ ಜಾಸ್ತಿ. ಅಷ್ಟು ನೇರವಾಗಿ ಬರೆಯುವವರು ಕಡಿಮೆ.

ಚಿತ್ರೀಕರಣ ಬರೀ 20 ದಿನ. ಅದೂ ದಕ್ಷಿಣದಲ್ಲಲ್ಲ, ಲಾಸ್ ಏಂಜಲಿಸ್ ಸುತ್ತಮುತ್ತ. ಖರ್ಚು ಸುಮಾರು 20 ಲಕ್ಷ ಡಾಲರ್ ಎನ್ನುತ್ತಾರೆ, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸು. ಸನ್‌ಡ್ಯಾನ್ಸ್ ಚಿತ್ರೋತ್ಸವಕ್ಕೆ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದರು. 2006ರ ನವೆಂಬರ್ 1ರಂದು ನ್ಯೂಯಾರ್ಕಿನ ತಮ್ಮ ಕಚೇರಿಯಲ್ಲಿ ಅವರ ಕೊಲೆಯಾಯಿತು. ವಯಸ್ಸು 40. ಮೊದಲು ಆತ್ಮಹತ್ಯೆಯ ಹಾಗೆ ಕಂಡಿತ್ತು. ಅವಳು ಹಾಗೆ ಮಾಡುವವಳಲ್ಲ ಅಂತ ಗಂಡ ಪಟ್ಟು ಹಿಡಿದರು. ಪೊಲೀಸರಿಗೆ ಸ್ನಾನದ ಮನೆಯಲ್ಲಿ ಒಂದು ಬೂಟಿನ ಗುರುತು ಸಿಕ್ಕಿತು. ಆ ಕಟ್ಟಡದಲ್ಲಿ ಕೆಲಸಕ್ಕಿದ್ದ ಒಬ್ಬ ಒಪ್ಪಿಕೊಂಡ.

ಚಿತ್ರ ಸನ್‌ಡ್ಯಾನ್ಸ್‌ಗೆ ಆಯ್ಕೆಯಾಯಿತು ಅನ್ನುವ ಸುದ್ದಿ ಅವರಿಗೆ ಸಿಗಲೇ ಇಲ್ಲ. 2007ರ ಜನವರಿಯಲ್ಲಿ ಅಲ್ಲಿ ತೋರಿಸಿದರು, ಫಾಕ್ಸ್ ಸರ್ಚ್‌ಲೈಟ್ ಅನ್ನುವ ವಿತರಣೆಯ ಕಂಪನಿ ಕೊಂಡುಕೊಂಡಿತು, ಮೇ ತಿಂಗಳಲ್ಲಿ ಬಿಡುಗಡೆ. ಅಮೆರಿಕದಲ್ಲೇ ಸುಮಾರು 1.9 ಕೋಟಿ ಡಾಲರ್ ಗಳಿಸಿತು.

ಕೊನೆಯ ದೃಶ್ಯದಲ್ಲಿ ಹಳದಿ ಬಟ್ಟೆ ಹಾಕಿಕೊಂಡು ಜೆನ್ನಾಳ ಕೈ ಹಿಡಿದು ನಡೆಯುವ ಪುಟ್ಟ ಹುಡುಗಿ ಶೆಲ್ಲಿಯ ಸ್ವಂತ ಮಗಳು.

ಕೊನೆಸೀಟು:
ಇದು ಗೊತ್ತಿರಲಿಲ್ಲ. ಏನು ಹೇಳಬೇಕು ತೋಚುತ್ತಿಲ್ಲ.

ಕ್ಯಾರಿಯ ಅಕ್ಕ:
ನಾನು ಈ ಸಿನಿಮಾವನ್ನು ನಾಲ್ಕೈದು ಸಲ ನೋಡಿದ್ದೇನೆ. ಇರುವುದು ನಾರ್ತ್ ಕ್ಯಾರೊಲೈನಾದಲ್ಲಿ, ಅಂದರೆ ಅಮೆರಿಕದ ದಕ್ಷಿಣದಲ್ಲೇ. ಹಾಗಾಗಿ ನನ್ನ ಎರಡು ಮಾತು, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಮುದುಕ ಜೋ. ಆ ಪಾತ್ರ ಮಾಡಿದವರು ಆಂಡಿ ಗ್ರಿಫಿತ್. ನಮ್ಮ ಕಡೆಯವರಿಗೆ ಅವರು ಯಾರೋ ಒಬ್ಬ ಹಳೆಯ ನಟ. ಇಲ್ಲಿನವರಿಗೆ ಹಾಗಲ್ಲ. 1960ರಿಂದ 1968ರವರೆಗೆ ಟೀವಿಯಲ್ಲಿ ಅವರದೇ ಹೆಸರಿನ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಅವರು ಮೇಬೆರಿ ಅನ್ನುವ ಕಲ್ಪನೆಯ ಊರಿನ ಒಳ್ಳೆಯ ಶೆರಿಫ್, ಅಂದರೆ ಪೊಲೀಸ್ ಅಧಿಕಾರಿ. ಅವರು ಹುಟ್ಟಿದ್ದು ಇದೇ ರಾಜ್ಯದ ಮೌಂಟ್ ಏರಿಯಲ್ಲಿ. ರಾಲಿಯ ಪುಲನ್ ಪಾರ್ಕಿನಲ್ಲಿ ಅವರದೊಂದು ಪ್ರತಿಮೆ ಇದೆ, ಅಪ್ಪ ಮಗ ಗಾಳದ ಕೋಲು ಹಿಡಿದು ಮೀನಿಗೆ ಹೊರಟ ಹಾಗೆ. ಮಗಳನ್ನು ಅಲ್ಲಿಗೆ ಆಡಿಸಲು ಕರೆದುಕೊಂಡು ಹೋಗುತ್ತಿದ್ದೆ. ಯಾರೋ ಅಜ್ಜಿಯರು ಆ ಕಂಚಿನ ಕೈಯನ್ನು ಸವರಿಕೊಂಡು ಹೋಗುವುದನ್ನು ಕಂಡಿದ್ದೇನೆ.

ಅಂಥ ಮನುಷ್ಯ ಇಲ್ಲಿ ಗೊಣಗುವ ಮುದುಕ. ಊಟ ಹೀಗೇ ತರಬೇಕು, ಅದು ಬೇರೆ ತಟ್ಟೆಯಲ್ಲಿ ಬರಬೇಕು ಅಂತ ಕಿರಿಕಿರಿ. ಪೇಪರಿನ ದಿನಭವಿಷ್ಯ ಜೋರಾಗಿ ಓದುತ್ತಾನೆ. ಇಲ್ಲಿನವರು ಅವನನ್ನು ನೋಡಿದ ಕ್ಷಣವೇ, ಇವನು ಒಳಗಿಂದ ಒಳ್ಳೆಯವನು ಅಂತ ತಿಳಿದುಕೊಳ್ಳುತ್ತಾರೆ. ನಮ್ಮಲ್ಲಿ ಅಶ್ವಥ್ ಅವರು ತೆರೆಗೆ ಬಂದರೆ ಆಗುತ್ತಿತ್ತಲ್ಲ, ಹಾಗೆ. ಆ ಚೆಕ್ಕು ನಿಮಗೆ ಆಕಾಶದಿಂದ ಬಿದ್ದ ಹಾಗೆ ಕಂಡಿದೆ. ಇಲ್ಲಿನವರಿಗೆ ಅದು ಮನೆಯ ಹಿರಿಯರು ಕೊಟ್ಟ ಹಾಗೆ.

ಎರಡನೆಯದು ದುಡ್ಡು. ಇಲ್ಲಿ ಹೋಟೆಲಿನಲ್ಲಿ ಬಡಿಸುವವರಿಗೆ ಮಾಲೀಕ ಗಂಟೆಗೆ 2 ಡಾಲರ್ 13 ಸೆಂಟು ಕೊಟ್ಟರೆ ಕೇಂದ್ರದ ಕಾನೂನಿನ ಪ್ರಕಾರ ಸಾಕು. ಉಳಿದದ್ದು ಟಿಪ್ಸ್.

ಕೊನೆಸೀಟು:
2.13? ಟೈಪ್ ಮಾಡುವಾಗ ತಪ್ಪಾಗಿಲ್ಲ ತಾನೇ?

ಕ್ಯಾರಿಯ ಅಕ್ಕ:
ತಪ್ಪಿಲ್ಲ. 1991ರಿಂದ ಅಷ್ಟೇ ಇದೆ. ಎಂಟು ಗಂಟೆ ಕಾಲ ನೋಯಿಸಿಕೊಂಡರೆ 17 ಡಾಲರ್ 4 ಸೆಂಟು. ಟಿಪ್ಸ್ ಸೇರಿಸಿದರೂ ಸಾಮಾನ್ಯ ಕನಿಷ್ಠ ಕೂಲಿ ಮುಟ್ಟದಿದ್ದರೆ ಮಾಲೀಕ ತುಂಬಿಕೊಡಬೇಕು ಅಂತ ನಿಯಮ ಇದೆ. ಆ ಕನಿಷ್ಠ ಕೂಲಿಯೂ 2009ರಿಂದ 7 ಡಾಲರ್ 25 ಸೆಂಟಿನಲ್ಲೇ ನಿಂತಿದೆ. ಚಿತ್ರ ಬಂದಾಗ ಇನ್ನೂ ಕಡಿಮೆ, 5 ಡಾಲರ್ 15 ಸೆಂಟು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಮ್ಮದೇ ನಿಯಮ ಮಾಡಿ ಪೂರ್ತಿ ಕೂಲಿ ಕೊಡಿಸುತ್ತವೆ. ದಕ್ಷಿಣದ ಬಹಳಷ್ಟು ರಾಜ್ಯಗಳಲ್ಲಿ ಆ 2.13ರ ಲೆಕ್ಕವೇ. ಅಲಬಾಮಾ, ಮಿಸಿಸಿಪಿ, ಟೆನೆಸಿಗಳಲ್ಲಿ ರಾಜ್ಯದ್ದು ಅಂತ ಕನಿಷ್ಠ ಕೂಲಿಯ ಕಾನೂನೇ ಇಲ್ಲ.

ಅದಕ್ಕೇ ಇಲ್ಲಿ ಸರ್ವರ್ ಹೆಂಗಸರು ‘ಹನಿ’, ‘ಶುಗರ್’ ಅಂತ ಎಲ್ಲರನ್ನೂ ಮಾತಾಡಿಸುತ್ತಾರೆ. ಪ್ರೀತಿ ಇಲ್ಲ ಅನ್ನುತ್ತಿಲ್ಲ. ಆದರೆ ಆ ನಗುವಿನ ಮೇಲೆ ಮನೆ ಬಾಡಿಗೆ ನಿಂತಿರುತ್ತದೆ.

ಎರಡನೇ ಪಾಳಿ:
ಕ್ಯಾರಿಯ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಟಿಪ್ಸ್ ಆಗಿನ ಕಾಲಕ್ಕೆ ನಗದು. ಇವತ್ತು ಎಷ್ಟು ಬಂತು ಅಂತ ಅರ್ಲ್‌ಗೆ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಅವಳಿಗೆ ಕದ್ದಿಡಲು ಆಗಿದ್ದು. ಬ್ಯಾಂಕಿಗೆ ಸಂಬಳ ಬೀಳುವ ಕೆಲಸ ಆಗಿದ್ದರೆ ಒಂದು ಪೈಸೆ ಆಚೀಚೆ ಮಾಡಲು ಆಗುತ್ತಿರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬರ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿರುತ್ತದೆ. ಸಂಬಳ ಬಂದ ಮೆಸೇಜು ಹೋಗುವುದೂ ಅವನ ಮೊಬೈಲಿಗೆ. ಬಸ್ಸಿಗೆ ಚಿಲ್ಲರೆ ಕೇಳಿ ತೆಗೆದುಕೊಂಡು ಬರುತ್ತಾರೆ.

ಸಾಸಿವೆ ಡಬ್ಬಿ:
ಈ ಚರ್ಚೆ ಓದಿ ನಿನ್ನೆ ರಾತ್ರಿ ಸಿನಿಮಾ ನೋಡಿದೆ. ಅರ್ಲ್‌ಗೆ ಮನೆಯಲ್ಲಿ ಬಚ್ಚಿಟ್ಟ ದುಡ್ಡು ಸಿಗುವ ದೃಶ್ಯ ಬಂದಾಗ ನಿಲ್ಲಿಸಿ, ಎದ್ದು ನೀರು ಕುಡಿದು ಬಂದೆ. ಅವಳು ಅದು ಮಗುವಿಗೆ ಅಂತ ಕೂಡಿಟ್ಟದ್ದು ಅಂತ ಸುಳ್ಳು ಹೇಳುತ್ತಾಳಲ್ಲ, ನಗುನಗುತ್ತಾ. ಅವನು ನಂಬುತ್ತಾನೆ. ಅಲ್ಲಿಗೆ ಅವಳ ಎಷ್ಟೋ ತಿಂಗಳ ಆಸೆ ತೊಟ್ಟಿಲಿಗೆ ಹೋಯಿತು.

ನನಗೆ 2016ರ ನವೆಂಬರ್ ನೆನಪಾಯಿತು. 500, 1000ದ ನೋಟು ನಡೆಯುವುದಿಲ್ಲ ಅಂತ ರಾತ್ರಿ ಎಂಟಕ್ಕೆ ಟೀವಿಯಲ್ಲಿ ಹೇಳಿದರಲ್ಲ. ನಮ್ಮಮ್ಮ ಅವತ್ತು ಊಟ ಮಾಡಲಿಲ್ಲ. ಎರಡು ದಿನ ಬಿಟ್ಟು ನನ್ನನ್ನು ಅಡುಗೆಮನೆಗೆ ಕರೆದರು. ಸಾಸಿವೆ ಡಬ್ಬಿ, ಮೆಂತ್ಯದ ಡಬ್ಬಿ, ದೇವರ ಫೋಟೋ ಹಿಂದೆ, ಹಳೇ ರೇಷ್ಮೆ ಸೀರೆಯ ಮಡಿಕೆಯಲ್ಲಿ. ಎಲ್ಲ ಸೇರಿ 46,500 ರೂಪಾಯಿ. ಹಾಲಿನ ದುಡ್ಡಲ್ಲಿ, ತರಕಾರಿ ದುಡ್ಡಲ್ಲಿ ಉಳಿಸಿದ್ದು, ಎಷ್ಟೋ ವರ್ಷದ್ದು. ಬ್ಯಾಂಕಿಗೆ ಕಟ್ಟಬೇಕೆಂದರೆ ಅಪ್ಪನಿಗೆ ಹೇಳಲೇಬೇಕು. ಅಮ್ಮನ ಹೆಸರಿನಲ್ಲಿ ಖಾತೆ ಇರಲಿಲ್ಲ.

ನಮ್ಮಪ್ಪ ಅರ್ಲ್ ಅಲ್ಲ. ಒಳ್ಳೆಯವರು. ಹೊಡೆದವರಲ್ಲ, ಬೈದವರೂ ಅಲ್ಲ. ಅವತ್ತು ನಕ್ಕರು ಅಷ್ಟೆ. “ಅಬ್ಬಾ, ನಮ್ಮನೇಲೇ ಕಳ್ಳಿ ಇದ್ದಾಳೆ” ಅಂದರು. ಎಲ್ಲರೂ ನಕ್ಕರು. ಆಮೇಲೆ ಆ ದುಡ್ಡು ಮನೆಯ ಬಣ್ಣಕ್ಕೆ ಹೋಯಿತು. ಅಮ್ಮ ಅದನ್ನು ಯಾಕೆ ಇಟ್ಟಿದ್ದರು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಗೋಳಿಬಜೆ:
ಇದಕ್ಕೆ ಏನು ಬರೆಯುವುದು. ನಮಸ್ಕಾರ ಅಕ್ಕ, ಅಮ್ಮನಿಗೂ.

ಕ್ಯಾರಿಯ ಅಕ್ಕ:
ಸಾಸಿವೆ ಡಬ್ಬಿ, ನಿಮ್ಮ ಮಾತು ಓದಿ ನನ್ನದನ್ನೂ ಹೇಳಿಬಿಡುತ್ತೇನೆ. ನಾನು ಇಲ್ಲಿಗೆ ಬಂದಿದ್ದು 2011ರಲ್ಲಿ, ಎಚ್-4 ವೀಸಾದಲ್ಲಿ. ಅಂದರೆ ಗಂಡನಿಗೆ ಕೆಲಸ, ಹೆಂಡತಿ ಬರೀ ಜೊತೆಗಾರ್ತಿ. ನಾನು ಬೆಂಗಳೂರಿನಲ್ಲಿ ಆರು ವರ್ಷ ಸಂಬಳ ಎಣಿಸಿದವಳು. ಇಲ್ಲಿ ಒಂದು ಡಾಲರ್ ದುಡಿದರೂ ಕಾನೂನು ಮುರಿದ ಹಾಗೆ. 2015ರ ಮೇ ತಿಂಗಳಲ್ಲಿ, ಗಂಡನ ಗ್ರೀನ್ ಕಾರ್ಡ್ ಕೆಲಸ ಒಂದು ಹಂತ ದಾಟಿದ್ದರೆ ಹೆಂಡತಿಗೂ ಕೆಲಸದ ಅನುಮತಿ ಕೊಡಲು ಶುರು ಮಾಡಿದರು. ಅಲ್ಲಿಯವರೆಗೆ ನಾಲ್ಕು ವರ್ಷ. ನನ್ನವರು ಯಾವತ್ತೂ ಲೆಕ್ಕ ಕೇಳಲಿಲ್ಲ. ಆದರೂ ಅಂಗಡಿಯಲ್ಲಿ ಲಿಪ್‌ಸ್ಟಿಕ್ ಕೈಗೆತ್ತಿಕೊಂಡು ವಾಪಸ್ ಇಟ್ಟದ್ದು ಎಷ್ಟು ಸಲವೋ.

ಲೈಬ್ರರಿಯಿಂದ ಡಿವಿಡಿ ತಂದು ಈ ಚಿತ್ರವನ್ನು ಮೊದಲ ಸಲ ನೋಡಿದ್ದು ಆ ದಿನಗಳಲ್ಲೇ. ಮಧ್ಯಾಹ್ನ, ಮಗಳು ಮಲಗಿದ ಮೇಲೆ. ಪ್ರೇಮದ ಭಾಗ ನನ್ನ ತಲೆಗೇ ಹೋಗಲಿಲ್ಲ. ನನಗೆ ಕಂಡದ್ದು ಆ 25,000 ಡಾಲರ್ ಮಾತ್ರ.

ಎರಡನೇ ಪಾಳಿ:
ಪ್ರೇಮದ ಭಾಗಕ್ಕೆ ನನ್ನದು ಪೂರ್ತಿ ವಿರೋಧ. ನಾನು ನರ್ಸ್. ಹೆರಿಗೆ ವಾರ್ಡಿನಲ್ಲಿ ಹತ್ತು ವರ್ಷ. ಆ ಡಾಕ್ಟರು ಚಂದ ಇದ್ದಾನೆ, ತೊದಲುತ್ತಾನೆ, ಪಾಪ ಅನ್ನಿಸುತ್ತದೆ. ಆದರೆ ಬಸುರಿ ರೋಗಿಯ ಜೊತೆ ಡಾಕ್ಟರು ಹಾಗೆ ನಡೆದುಕೊಂಡರೆ ಅದು ತಪ್ಪು, ಅವಳೇ ಮುಂದೆ ಬಂದಿದ್ದರೂ ತಪ್ಪು. ಚಿತ್ರ ಅದನ್ನು ತಮಾಷೆ ಮಾಡಿ ದಾಟಿಸಿಬಿಡುತ್ತದೆ. ಅವನ ಹೆಂಡತಿಯೂ ಅದೇ ಆಸ್ಪತ್ರೆಯ ಡಾಕ್ಟರು, ಹೆರಿಗೆಯ ಹೊತ್ತಿಗೆ ಅಲ್ಲೇ ನಿಂತಿರುತ್ತಾಳೆ. ಆ ಮುಖ ನೋಡಿದ ಮೇಲೆ ಜೆನ್ನಾ ಅವನನ್ನು ಬಿಡುತ್ತಾಳೆ, ಸರಿ. ಹೆಂಡತಿಗೆ ಏನಾಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಇನ್ನೊಂದು. ಜೆನ್ನಾಗೆ ಮಗು ಬೇಡ. ಡಾಕ್ಟರ ಮುಂದೆಯೇ ಹೇಳುತ್ತಾಳೆ, ನನಗೆ ಖುಷಿಯಾಗಿಲ್ಲ, ಅಭಿನಂದನೆ ಹೇಳಬೇಡಿ ಅಂತ. ಆದರೆ ತೆಗೆಸುವ ಮಾತು ಗಟ್ಟಿಯಾಗಿ ಬರುವುದೇ ಇಲ್ಲ. 2007ರಲ್ಲಿ ಅಮೆರಿಕದಲ್ಲಿ ಅದು ಕಾನೂನಿನ ಪ್ರಕಾರ ಹಕ್ಕಾಗಿತ್ತು. ಅದೇ ವರ್ಷ ಬಂದ ಇನ್ನೂ ಎರಡು ಹಾಸ್ಯ ಚಿತ್ರಗಳಲ್ಲಿ ಬೇಡದ ಬಸಿರಿನದೇ ಕತೆ, ಅಲ್ಲೂ ಕೊನೆಗೆ ಹೆರಿಗೆಯೇ. ಆಗಲೇ ಕೆಲವರು ಈ ಪ್ರಶ್ನೆ ಎತ್ತಿದ್ದರು.

ರೀಲು ಲೆಕ್ಕ:
ನಿಜ. ಇವತ್ತು ನೋಡಿದರೆ ಅದು ಇನ್ನೂ ಜಾಸ್ತಿ ಚುಚ್ಚುತ್ತದೆ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಆ ಹಕ್ಕನ್ನು ತೆಗೆದುಹಾಕಿದ ಮೇಲೆ ದಕ್ಷಿಣದ ಹಲವು ರಾಜ್ಯಗಳಲ್ಲಿ ಗರ್ಭಪಾತಕ್ಕೆ ಹೆಚ್ಚುಕಡಿಮೆ ಪೂರ್ತಿ ನಿಷೇಧ. ಅಂದಿನ ಜೆನ್ನಾ ಬೇಡ ಅಂದುಕೊಂಡು ಇಟ್ಟುಕೊಂಡಳು. ಇಂದಿನ ಜೆನ್ನಾಗೆ ಆ ಆಯ್ಕೆಯೇ ಇರುವುದಿಲ್ಲ.

ಆದರೆ ಶೆಲ್ಲಿ ಪರವಾಗಿ ಒಂದು ಮಾತು. ಬಸುರಿಯಾದ ಹೆಂಗಸು ಪರದೆಯ ಮೇಲೆ ಹಾಗೆ ಮುಖ ಸಿಂಡರಿಸಿಕೊಂಡು ಇಡೀ ಚಿತ್ರ ಕಳೆಯುವುದು ಎಷ್ಟು ಕಡೆ ಇದೆ? ತಾಯ್ತನ ಅಂದ ತಕ್ಷಣ ಹಿನ್ನೆಲೆಯಲ್ಲಿ ಕೊಳಲು ಕೇಳಿಸುತ್ತದೆ, ನಮ್ಮಲ್ಲೂ ಅಷ್ಟೇ, ಅವರಲ್ಲೂ ಅಷ್ಟೇ.

ಗೋಳಿಬಜೆ:
ಕೊಳಲಲ್ಲ ಸ್ವಾಮಿ, ವೀಣೆ.

ಒಗ್ಗರಣೆ:
ಎಲ್ಲರೂ ಜೆನ್ನಾ ಜೆನ್ನಾ ಅನ್ನುತ್ತಿದ್ದೀರಿ. ಉಳಿದ ಇಬ್ಬರು? ಬೆಕಿಯ ಗಂಡ ಕಾಯಿಲೆ ಮನುಷ್ಯ. ಅವಳು ಹೋಟೆಲಿನ ಮ್ಯಾನೇಜರ್ ಕ್ಯಾಲ್ ಜೊತೆ ಗುಟ್ಟಾಗಿ ಓಡಾಡುತ್ತಾಳೆ. ದಿನವಿಡೀ ಎಲ್ಲರ ಮೇಲೂ ಹರಿಹಾಯುವ ಅದೇ ಕ್ಯಾಲ್! ಡಾನ್‌ಗೆ ಐದು ನಿಮಿಷದ ಭೇಟಿಯಲ್ಲಿ ಸಿಕ್ಕ ಓಗಿ ಅನ್ನುವವನು ಗಂಟು ಬಿದ್ದು, ಕುಂತಲ್ಲಿ ನಿಂತಲ್ಲಿ ಕವಿತೆ ಕಟ್ಟಿ, ಕೊನೆಗೆ ಮದುವೆ. ಬೇಡ ಅಂದ ಮೇಲೂ ಬೆನ್ನು ಹತ್ತುವುದು ಈಗ ನೋಡಿದರೆ ಅಷ್ಟು ಮುದ್ದಾಗಿ ಕಾಣುವುದಿಲ್ಲ. ನಮ್ಮ ಸಿನಿಮಾಗಳಲ್ಲಿ ಇದನ್ನೇ ಬೈಯುತ್ತೇವೆ, ಅಲ್ವಾ?

ಕೊನೆಸೀಟು:
ಓಗಿ ವಿಷಯ ಒಪ್ಪಿದೆ. ಆದರೆ ಕ್ಯಾಲ್‌ನ ಒಂದು ದೃಶ್ಯ ನನಗೆ ಇಡೀ ಚಿತ್ರದಲ್ಲೇ ಇಷ್ಟ. ಜೆನ್ನಾ ಅವನನ್ನು ಕೇಳುತ್ತಾಳೆ, ನೀನು ಸುಖವಾಗಿದ್ದೀಯಾ ಅಂತ. ಸುಮ್ನೆ ಮಾತಿಗೆ ಅಲ್ಲ, ನಿಜವಾಗಿ. ಅವನು ಹೇಳುತ್ತಾನೆ, ಸಾಕಷ್ಟು ಸುಖವಾಗಿದ್ದೇನೆ, ಜಾಸ್ತಿ ನಿರೀಕ್ಷೆ ಇಲ್ಲ, ಜಾಸ್ತಿ ಸಿಗುವುದೂ ಇಲ್ಲ, ನಾನು ಜಾಸ್ತಿ ಕೊಡುವುದೂ ಇಲ್ಲ ಅಂತ. ಹೇಳಿ ತನ್ನ ಕೆಲಸಕ್ಕೆ ಹೋಗುತ್ತಾನೆ. ನಮ್ಮ ಆಫೀಸಿನಲ್ಲಿ ಮುಕ್ಕಾಲು ಪಾಲು ಜನ ಅವನೇ. ನಾನೂ.

ಎರಡನೇ ಪಾಳಿ:
ಮೂವರಲ್ಲಿ ಇಬ್ಬರಿಗೆ ‘ಒಳ್ಳೆಯ ಬದುಕು’ ಅಂದರೆ ಗಂಡಸು. ಒಬ್ಬಳಿಗೆ ಅಂಗಡಿ. ಬೇಕು ಅಂತಲೇ ಹಾಗೆ ಮಾಡಿದ್ದಾರೆ ಅಂತ ನನ್ನ ಅನುಮಾನ. ಬೆಕಿ, ಡಾನ್ ಇಬ್ಬರೂ ಸಿಕ್ಕಿದ್ದರಲ್ಲಿ ತೃಪ್ತಿ ಪಟ್ಟುಕೊಂಡವರು. ಜೆನ್ನಾ ಪಡಲಿಲ್ಲ.

ಒಗ್ಗರಣೆ:
ಈಗ ಯಾರೂ ಕೇಳದಿದ್ದರೂ ಪೈ ಬಗ್ಗೆ ನನ್ನ ಭಾಷಣ. ಸಿನಿಮಾ ನೋಡಿ ಹುಮ್ಮಸ್ಸಿನಲ್ಲಿ ಮೂರು ಸಲ ಮಾಡಿದೆ. ಎರಡು ಸಲ ಹಲ್ಲಿಗೆ ಕೆಲಸ ಆಯಿತು.

ತಪ್ಪು ಎಲ್ಲಿ ಅಂದರೆ, ನನ್ನ ಕೈಗೆ ಹೋಳಿಗೆ ಅಭ್ಯಾಸ. ಹೋಳಿಗೆ ಕಣಕವನ್ನು ಎಣ್ಣೆ ಹಾಕಿ ನಾದಿ ನಾದಿ, ಗಂಟೆಗಟ್ಟಲೆ ನೆನೆಸಿ, ರಬ್ಬರಿನ ಹಾಗೆ ಎಳೆಯುವಂತೆ ಮಾಡುತ್ತೇವೆ. ಪೈಗೆ ಅದರ ಉಲ್ಟಾ. ಮೈದಾಗೆ ಫ್ರಿಜ್ಜಿನಿಂದ ತೆಗೆದ ಗಟ್ಟಿ ಬೆಣ್ಣೆ, ಐಸ್ ನೀರು. ಬೆರಳ ತುದಿಯಲ್ಲಿ ಉದುರುದುರಾಗಿ ಸೇರಿಸಿ ಬಿಟ್ಟುಬಿಡಬೇಕು. ನಾದಿದರೆ ಅಂಟು ಹುಟ್ಟಿ ಗಟ್ಟಿಯಾಗುತ್ತದೆ. ಬೆಣ್ಣೆಯ ಚೂರುಗಳು ಹಾಗೇ ಉಳಿದಿರಬೇಕು. ಒಲೆಯ ಬಿಸಿಗೆ ಅವು ಕರಗಿ, ಆವಿ ಎದ್ದು, ಪದರ ಪದರ ಬಿಡುತ್ತದೆ. ನಮ್ಮಲ್ಲಿ ಅದರ ನೆಂಟ ಚಿರೋಟಿ. ತುಪ್ಪ, ಅಕ್ಕಿಹಿಟ್ಟು ಕಲಸಿ ಪದರದ ಮಧ್ಯೆ ಸವರುತ್ತೇವಲ್ಲ, ಕೆಲಸ ಅದೇ. ಮೈಸೂರಿನ ಏಪ್ರಿಲ್ ಸೆಕೆಯಲ್ಲಿ ಬೆಣ್ಣೆ ಕೈಯಲ್ಲೇ ಕರಗುತ್ತದೆ, ಅದಕ್ಕೇನು ಮಾಡುವುದೋ ಗೊತ್ತಿಲ್ಲ.

ದಕ್ಷಿಣದವರ ಪೈಗಳಲ್ಲಿ ನನಗೆ ಇಷ್ಟವಾದದ್ದು ಚೆಸ್ ಪೈ. ಹಣ್ಣೇ ಬೇಡ. ಮೊಟ್ಟೆ, ಸಕ್ಕರೆ, ಬೆಣ್ಣೆ, ಒಂದು ಚಮಚ ಮೆಕ್ಕೆಜೋಳದ ಹಿಟ್ಟು. ನಿಂಬೆ ಸಿಗದಿದ್ದರೆ ಹುಳಿಗೆ ವಿನೆಗರ್ ಹಾಕಿದ ಪೈಯೂ ಇದೆ. ಏನೂ ಇಲ್ಲದ ಅಡುಗೆಮನೆಯಲ್ಲಿ ಹುಟ್ಟಿದ ಸಿಹಿ ಇವು. ಜೆನ್ನಾಳ ಚಾಕೊಲೇಟಿನ ಅಬ್ಬರಕ್ಕಿಂತ ನನಗೆ ಇವೇ ಇಷ್ಟ.

ಕ್ಯಾರಿಯ ಅಕ್ಕ:
ಒಗ್ಗರಣೆ ಅಕ್ಕ, ಹಿಟ್ಟು, ಪಾತ್ರೆ, ಲಟ್ಟಣಿಗೆ ಎಲ್ಲವನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಇಲ್ಲಿನ ಜುಲೈ ಸೆಕೆಯೂ ಕಮ್ಮಿ ಇಲ್ಲ. ನನಗೆ ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟಿದ್ದು. ಮೊದಲ ಸಲ ನಾನು ಮಾಡಿದ್ದನ್ನು ತಿಂದು “ಬ್ಲೆಸ್ ಯುವರ್ ಹಾರ್ಟ್” ಅಂದರು. ಆಶೀರ್ವಾದ ಅಂದುಕೊಂಡು ಖುಷಿಪಟ್ಟೆ. ಅದು ಇಲ್ಲಿನವರ “ಅಯ್ಯೋ ಪಾಪ” ಅಂತ ಆಮೇಲೆ ಗೊತ್ತಾಯಿತು.

ರೀಲು ಲೆಕ್ಕ:
ಈ ಚಿತ್ರ ಆಮೇಲೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ಸಂಗೀತ ನಾಟಕವೂ ಆಯಿತು. 2016ರ ಏಪ್ರಿಲ್‌ನಿಂದ 2020ರ ಜನವರಿವರೆಗೆ ನಡೆಯಿತು. ಹಾಡುಗಳು ಸಾರಾ ಬರೇಲಿಸ್ ಅವರದು. ಕತೆ, ಸಂಗೀತ, ನಿರ್ದೇಶನ, ನೃತ್ಯ, ನಾಲ್ಕಕ್ಕೂ ಹೆಂಗಸರೇ. ಶೆಲ್ಲಿಯ ಗಂಡ ಅವರ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಮಾಡಿ, ಸಿನಿಮಾ ಮಾಡುವ ಹೆಂಗಸರಿಗೆ ದುಡ್ಡಿನ ನೆರವು ಕೊಡುತ್ತಿದ್ದಾರೆ. ಕೊನೆಸೀಟು ಅವರೇ, ಇದೂ ಒಂದು ಬಗೆಯ ಚೆಕ್ಕೇ ಅಲ್ಲವಾ? ದುಡ್ಡಿಲ್ಲದೆ ಸಣ್ಣ ಸಿನಿಮಾನೂ ಆಗುವುದಿಲ್ಲ, ಸಣ್ಣ ಪೈ ಅಂಗಡಿನೂ ಆಗುವುದಿಲ್ಲ.

ಕೊನೆಸೀಟು:
ನಿನ್ನೆ ಮತ್ತೆ ನೋಡಿದೆ. ಈ ಸಲ ಹೆಂಡತಿ ಜೊತೆ. ತಪ್ಪೊಪ್ಪಿಗೆ ಇದೆ.

ನಾನು ಮೊದಲ ಪೋಸ್ಟಿನಲ್ಲಿ ಬರೆದದ್ದು ಉಲ್ಟಾ. ಚೆಕ್ ಬಂತು, ಗಂಡನನ್ನು ಬಿಟ್ಟಳು ಅಂದಿದ್ದೆ. ಹಾಗಲ್ಲ. ಲಕೋಟೆ ಮೊದಲೇ ಕೈಗೆ ಬಂದಿದೆ, ಅವಳು ಒಡೆದಿಲ್ಲ. ಹೆರಿಗೆ ಆಗುತ್ತದೆ. ಮಗುವಿನ ಮುಖ ನೋಡುತ್ತಾಳೆ. ಅರ್ಲ್ ಹಾಸಿಗೆ ಪಕ್ಕ ಬಂದು, ಕೊಟ್ಟ ಮಾತು ನೆನಪಿದೆಯಲ್ಲ ಅನ್ನುತ್ತಾನೆ. ಆಗ ಹೇಳುತ್ತಾಳೆ, ನಿನ್ನ ಮೇಲೆ ಪ್ರೀತಿ ಇಲ್ಲ, ವಿಚ್ಛೇದನ ಬೇಕು, ಇನ್ನು ಹತ್ತಿರ ಬರಬೇಡ ಅಂತ. ಆಗ ಅವಳ ಹತ್ತಿರ ಒಂದು ಡಾಲರೂ ಇಲ್ಲ. ಬಚ್ಚಿಟ್ಟದ್ದು ಹೋಗಿದೆ, ಸ್ಪರ್ಧೆಗೂ ಹೋಗಿಲ್ಲ, ಮೈಯಲ್ಲಿ ಆಸ್ಪತ್ರೆಯ ಬಟ್ಟೆ, ಕೈಯಲ್ಲಿ ಹಸುಗೂಸು. ಲಕೋಟೆ ಒಡೆಯುವುದು ಅದಾದ ಮೇಲೆ.

ನಿದ್ದೆಗಣ್ಣಲ್ಲಿ ನಾನು ಚೆಕ್ಕನ್ನು ಮುಂದಕ್ಕೆ ತಂದುಬಿಟ್ಟಿದ್ದೆ. ದುಡ್ಡಿಲ್ಲದೆ ಅವಳು ಹಾಗೆ ಹೇಳಿಯಾಳು ಅಂತ ನನ್ನ ತಲೆ ನಂಬಲಿಲ್ಲವೋ ಏನೋ. ಹೆಂಡತಿ ಹತ್ತಿರ ಇದನ್ನು ಹೇಳಿದೆ. ಅವಳು ಸುಮ್ನೆ ನನ್ನನ್ನೇ ನೋಡಿದಳು.

ಗೋಳಿಬಜೆ:
ಆ ನೋಟಕ್ಕೂ ಒಂದು ಪೈ ಇರಬಹುದು, ಜಾಗ್ರತೆ ಮಾರಾಯ್ರೆ.

ಎರಡನೇ ಪಾಳಿ:
ಹಾಗಿದ್ದರೂ ನನ್ನದೊಂದು ಅನುಮಾನ ಉಳಿಯುತ್ತದೆ. ಲಕೋಟೆಯಲ್ಲಿ ಚೆಕ್ ಇಲ್ಲದೆ ಬರೀ ಒಂದು ಕಾರ್ಡ್ ಇದ್ದಿದ್ದರೆ? ಹೆರಿಗೆ ವಾರ್ಡಿನಲ್ಲಿ ಹಾಗೆ ಗಟ್ಟಿಯಾಗಿ ಹೇಳಿದವರನ್ನು ನಾನು ನೋಡಿದ್ದೇನೆ. ಡಿಸ್ಚಾರ್ಜ್ ದಿನ ಅದೇ ಗಂಡನ ಬೈಕಿನ ಹಿಂದೆ ಕೂತು ಹೋಗಿದ್ದನ್ನೂ ನೋಡಿದ್ದೇನೆ.

ಕೊನೆಸೀಟು:
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸಾಸಿವೆ ಡಬ್ಬಿ:
ಭಾನುವಾರ ಅಮ್ಮನಿಗೆ ಸಿನಿಮಾ ಹಾಕಿ ತೋರಿಸಿದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಡಾಕ್ಟರು ಬಂದಾಗಲೆಲ್ಲ ಅಮ್ಮ ಅವರೆಕಾಳು ಬಿಡಿಸುವುದರಲ್ಲಿ ಮುಳುಗಿದರು. ಪೈ ಮಾಡುವಾಗ ಮಾತ್ರ ತಲೆ ಎತ್ತಿ ನೋಡಿದರು, ಒಂದೆರಡು ಸಲ ತೋರಿಸು ಅಂತ ಹಿಂದಕ್ಕೆ ಹಾಕಿಸಿಕೊಂಡರು.

ಅರ್ಲ್ ಕೈಗೆ ದುಡ್ಡು ಸಿಗುವ ದೃಶ್ಯ ಬಂತು. ಅಮ್ಮ “ಥೂ” ಅಂದರು. ಅವನಿಗಲ್ಲ, ಅವಳಿಗೆ. “ಅಲ್ಲೆಲ್ಲ ಇಡ್ತಾರೇನೆ ಯಾರಾದ್ರೂ? ಗಂಡಸ್ರು ಕೈ ಹಾಕೋ ಜಾಗದಲ್ಲಿ?”

ಹಾಗಾದರೆ ನೀನು ಈಗ ಎಲ್ಲಿ ಇಡುತ್ತೀಯಮ್ಮ ಅಂತ ಕೇಳಿದೆ.

“ನಿಂಗೆ ಹೇಳಿದ್ರೆ ಆಯ್ತು” ಅಂದರು. ಅವರೆಕಾಳಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು.